ಹಾರ್ಡ್ ಡಿಸ್ಕ್‌ನಲ್ಲಿ ಬ್ಯಾಡ್ ಸೆಕ್ಟರ್ ಬಂದಿದೆಯಾ? ರಿಪೇರಿಗೆ ಕೈಹಾಕುವ ಮುಂಚೆ ಇದನ್ನು ಓದಿ

ಫೋಲ್ಡರ್ ತೆರೆದರೆ ಮೇಲಿನ ಹಸಿರು ಗೆರೆ ತೆವಳುತ್ತಲೇ ಇರುತ್ತದೆ, ಕೊನೆ ಮುಟ್ಟುವುದೇ ಇಲ್ಲ. ಫೈಲ್ ಕಾಪಿ ಮಾಡುವಾಗ ಎಲ್ಲೋ ಒಂದು ಕಡೆ ವೇಗ ಸೊನ್ನೆಗೆ ಇಳಿಯುತ್ತದೆ, ಮೌಸ್ ಕೂಡ ಅಲ್ಲಾಡುವುದಿಲ್ಲ, ಸ್ವಲ್ಪ ಹೊತ್ತಿನ ನಂತರ ಏನೂ ಆಗಿಲ್ಲ ಅನ್ನೋ ಥರ ಮತ್ತೆ ಶುರು. ಕಂಪ್ಯೂಟರ್ ಹಳೆಯದಾಯ್ತು, ವೈರಸ್ ಇರಬೇಕು, ವಿಂಡೋಸ್ ಮತ್ತೆ ಹಾಕಿದರೆ ಸರಿಹೋಗುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಸ್ವಲ್ಪ ತಡೆಯಿರಿ. ಬ್ಯಾಡ್ ಸೆಕ್ಟರ್, ಅಂದರೆ ಸರಿಯಾಗಿ ಓದಲು ಆಗದ ಜಾಗ, ಬಂದಿರುವ ಡಿಸ್ಕ್ ಕೂಡ ಹೀಗೇ ಆಡುತ್ತದೆ. ಹಾಗಿದ್ದರೆ ವಿಂಡೋಸ್ ಮತ್ತೆ ಹಾಕುವಷ್ಟು ಕೆಟ್ಟ ಕೆಲಸ ಇನ್ನೊಂದಿಲ್ಲ, ಯಾಕಂದ್ರೆ ಸಾಯುತ್ತಿರುವ ಡಿಸ್ಕ್ ಮೇಲೆ ಹತ್ತಾರು ಜಿಬಿ ಹೊಸದಾಗಿ ಬರೆಸಿ, ಹಳೆಯ ಡೇಟಾ ಇದ್ದ ಜಾಗವನ್ನೂ ನೀವೇ ಅಳಿಸಿದಂತಾಗುತ್ತದೆ.

ಮೊದಲು ನೋಡಬೇಕು, ಆಮೇಲೆ ಡೇಟಾ ಹೊರಗೆ ತರಬೇಕು, ರಿಪೇರಿ ಮಾತು ಅದಾದ ಮೇಲೆ. ಇಡೀ ಕೆಲಸ ಇರುವುದು ಈ ಕ್ರಮದಲ್ಲೇ. ಇಂಟರ್ನೆಟ್‌ನಲ್ಲಿ ಹುಡುಕಿದರೆ ಸಿಗುವ ಸಲಹೆಗಳಲ್ಲಿ ಅರ್ಧಕ್ಕರ್ಧ ಈ ಕ್ರಮವನ್ನು ತಲೆಕೆಳಗು ಮಾಡಿರುತ್ತವೆ.

ಒಳಗೆ ಏನಾಗಿರುತ್ತದೆ

ಡಿಸ್ಕ್ ತನ್ನ ತಟ್ಟೆಗಳ ಮೇಲಿನ ಜಾಗವನ್ನು ಸೆಕ್ಟರ್‌ಗಳಾಗಿ ಹಂಚಿಕೊಂಡಿರುತ್ತದೆ. ಹಳೆಯ ಡಿಸ್ಕ್‌ಗಳಲ್ಲಿ ಒಂದು ಸೆಕ್ಟರ್ 512 ಬೈಟ್. ಈಗಿನ ಬಹುತೇಕ ಡಿಸ್ಕ್‌ಗಳಲ್ಲಿ ಒಳಗಿನ ಅಳತೆ 4096 ಬೈಟ್, ಆದರೆ ಎಷ್ಟೋ ಡಿಸ್ಕ್‌ಗಳು ಹೊರಗಿನವರಿಗೆ ಇನ್ನೂ 512ರ ಲೆಕ್ಕವನ್ನೇ ಹೇಳುತ್ತವೆ. ಪ್ರತಿ ಸೆಕ್ಟರ್ ಜೊತೆ ತಪ್ಪು ತಿದ್ದುವ ಕೋಡ್ ಒಂದು ಇರುತ್ತದೆ. ಸಣ್ಣಪುಟ್ಟ ತಪ್ಪುಗಳನ್ನು ಡಿಸ್ಕ್ ಅದರಿಂದಲೇ ಸರಿಮಾಡಿಕೊಳ್ಳುತ್ತದೆ, ನಮಗೆ ಗೊತ್ತೇ ಆಗಲ್ಲ. ಆ ಕೋಡ್‌ನಿಂದಲೂ ತಿದ್ದಲು ಆಗದಷ್ಟು ಕೆಟ್ಟಿದ್ದರೆ ಡಿಸ್ಕ್ ಅದೇ ಜಾಗವನ್ನು ಮತ್ತೆ ಮತ್ತೆ ಓದಲು ನೋಡುತ್ತದೆ, ಕಂಪ್ಯೂಟರ್ ಕೈಕಟ್ಟಿ ಕೂರುವುದು ಆ ಹೊತ್ತಿನಲ್ಲೇ. ನೆಟ್‌ವರ್ಕ್ ಸ್ಟೋರೇಜ್‌ಗೆಂದೇ ಮಾಡಿದ ಡಿಸ್ಕ್‌ಗಳು ಸಾಮಾನ್ಯವಾಗಿ 7 ಸೆಕೆಂಡ್ ಆದಮೇಲೆ ಪ್ರಯತ್ನ ಬಿಡುತ್ತವೆ. ಡೆಸ್ಕ್‌ಟಾಪ್ ಡಿಸ್ಕ್‌ಗಳಿಗೆ ಹಟ ಜಾಸ್ತಿ.

ಬ್ಯಾಡ್ ಸೆಕ್ಟರ್‌ನಲ್ಲಿ ಎರಡು ಬಗೆ. ಬರೆಯುತ್ತಿರುವಾಗಲೇ ಕರೆಂಟ್ ಹೋಗಿ ಡೇಟಾಗೂ ಅದರ ಕೋಡ್‌ಗೂ ತಾಳೆಯಾಗದೆ ಉಳಿದರೆ ಅದು ಮೆದು ಬಗೆಯದು. ಜಾಗ ಚೆನ್ನಾಗಿಯೇ ಇದೆ, ಬರಹ ಮಾತ್ರ ಕೆಟ್ಟಿದೆ. ತಟ್ಟೆಯ ಮೇಲ್ಮೈಗೇ ಪೆಟ್ಟು ಬಿದ್ದಿದ್ದರೆ, ಗೀರು ಬಿದ್ದಿದ್ದರೆ ಅದು ಗಟ್ಟಿ ಬಗೆಯದು, ಯಾವ ಸಾಫ್ಟ್‌ವೇರ್‌ನಿಂದಲೂ ವಾಸಿಯಾಗಲ್ಲ. ಇವೆರಡನ್ನೂ ಬಿಟ್ಟು ಓದುವ ಹೆಡ್ಡೇ ಸೊರಗಿರುವ ಸಾಧ್ಯತೆಯೂ ಇದೆ. ಆಗ ತಟ್ಟೆ ಸರಿಯಿದ್ದರೂ ಆ ಹೆಡ್ ಓದುವ ಕಡೆಯಲ್ಲೆಲ್ಲ ಬ್ಯಾಡ್ ಸೆಕ್ಟರ್ ಕಾಣಿಸುತ್ತದೆ.

ಒಂದು ಸಂಗತಿ ಮಾತ್ರ ಚೆನ್ನಾಗಿ ನೆನಪಿಡಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಡಿಸ್ಕ್ ಒಳಗೆ ಬದಲಿ ಸೆಕ್ಟರ್‌ಗಳ ದಾಸ್ತಾನು ಇರುತ್ತದೆ. ಆದರೆ ಒಂದು ಸೆಕ್ಟರ್ ಓದಲು ಆಗಲಿಲ್ಲ ಅಂದ ಕೂಡಲೇ ಡಿಸ್ಕ್ ಅದನ್ನು ಬದಲಿಸುವುದಿಲ್ಲ, ಅದರಲ್ಲಿ ನಿಮ್ಮ ಡೇಟಾ ಇದೆಯಲ್ಲ! ಅದನ್ನು ಬಾಕಿ ಪಟ್ಟಿಗೆ ಸೇರಿಸಿ ಸುಮ್ಮನಾಗುತ್ತದೆ. ಅದೇ ಜಾಗಕ್ಕೆ ಹೊಸದೇನಾದರೂ ಬರೆದಾಗ ಮಾತ್ರ ತೀರ್ಮಾನ: ಬರಹ ನಿಂತರೆ ಸೆಕ್ಟರ್ ಪಾಸ್, ನಿಲ್ಲದಿದ್ದರೆ ಬದಲಿ ಸೆಕ್ಟರ್‌ಗೆ ವರ್ಗ. ಅಂದರೆ "ಬ್ಯಾಡ್ ಸೆಕ್ಟರ್ ಸರಿಮಾಡುವುದು" ಅಂದರೆ ಬಹುಪಾಲು ಅದರ ಮೇಲೆ ಬರೆಯುವುದು. ಬರೆದಮೇಲೆ ಅಲ್ಲಿದ್ದ ಹಳೆಯ ಡೇಟಾ ಕಥೆ ಮುಗೀತು.

ಹೆಜ್ಜೆ 1: ಕಿವಿಗೊಟ್ಟು ಕೇಳಿ

ಡಿಸ್ಕ್ ಟಕ್ ಟಕ್ ಅಂತ ಒಂದೇ ಲಯದಲ್ಲಿ ಬಡಿಯುತ್ತಿದೆಯಾ, ಕರಕರ ಅಂತ ಉಜ್ಜುವ ಸದ್ದು ಬರುತ್ತಿದೆಯಾ, ತಿರುಗಲು ಶುರುಮಾಡಿ ಮತ್ತೆ ನಿಂತುಹೋಗುತ್ತಿದೆಯಾ? ಹಾಗಿದ್ದರೆ ಪವರ್ ತೆಗೆಯಿರಿ. ಒಳಗಿನ ಡೇಟಾ ನಿಮಗೆ ನಿಜವಾಗಲೂ ಬೇಕಿದ್ದರೆ ಈ ಲೇಖನದ ಉಳಿದ ಹೆಜ್ಜೆಗಳು ನಿಮಗಲ್ಲ, ಕ್ಲೀನ್ ರೂಮ್ ಇರುವ ಡೇಟಾ ರಿಕವರಿ ಲ್ಯಾಬ್‌ಗೆ ಕೊಡಿ. ಹೆಡ್ ತಟ್ಟೆಗೆ ತಾಗುತ್ತಿದ್ದರೆ ಡಿಸ್ಕ್ ತಿರುಗುವ ಪ್ರತಿ ನಿಮಿಷವೂ ತಟ್ಟೆಯ ಮೇಲಿನ ಪದರವನ್ನು ಕೆರೆದು ಹಾಕುತ್ತದೆ.

ಈ ಹಂತದಲ್ಲಿ ಯಾರಾದರೂ ಒಬ್ಬರು ಡಿಸ್ಕನ್ನು ಫ್ರೀಜರ್‌ನಲ್ಲಿಡಿ ಅನ್ನುತ್ತಾರೆ. ಬೇಡ. ಹೊರಗೆ ತೆಗೆದ ಕೂಡಲೇ ತೇವ ಕೂರುತ್ತದೆ. ಇನ್ನೊಬ್ಬರು ಮುಚ್ಚಳ ಬಿಚ್ಚಿ ನೋಡಿ ಅನ್ನುತ್ತಾರೆ, ಅದಂತೂ ಬೇಡವೇ ಬೇಡ. ಹೆಡ್‌ಗೂ ತಟ್ಟೆಗೂ ನಡುವೆ ಇರುವ ಅಂತರ ಕೆಲವೇ ನ್ಯಾನೋಮೀಟರ್, ಆ ಲೆಕ್ಕದಲ್ಲಿ ಒಂದು ಧೂಳಿನ ಕಣವೂ ಬಂಡೆಯೇ. ಅದೇ ಮಾಡೆಲ್‌ನ ಇನ್ನೊಂದು ಡಿಸ್ಕ್‌ನಿಂದ ಸರ್ಕ್ಯೂಟ್ ಬೋರ್ಡ್ ತೆಗೆದು ಹಾಕುವ ಉಪಾಯವೂ ಈಗಿನ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ನಡೆಯಲ್ಲ. ಆ ಒಂದು ಡಿಸ್ಕ್‌ಗೆ ಮಾತ್ರ ಹೊಂದುವ ಮಾಹಿತಿ ಬೋರ್ಡ್ ಮೇಲಿನ ಚಿಪ್‌ನಲ್ಲಿ ಕೂತಿರುತ್ತದೆ.

ಸದ್ದಿಲ್ಲ, ಬರೀ ನಿಧಾನ, ಆಗಾಗ ಓದುವ ಎರರ್ ಅಷ್ಟೇ ಅಂದರೆ ಮುಂದಕ್ಕೆ ಹೋಗಬಹುದು.

ಹೆಜ್ಜೆ 2: ಸ್ಮಾರ್ಟ್ ಅಂಕಿಗಳನ್ನು ಓದಿ

ಎಲ್ಲಾ ಡಿಸ್ಕ್‌ಗಳೂ ತಮ್ಮ ಆರೋಗ್ಯದ ಲೆಕ್ಕವನ್ನು ಸ್ಮಾರ್ಟ್ ಎಂಬ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತವೆ. ವಿಂಡೋಸ್‌ನಲ್ಲಿ ಇದನ್ನು ನೋಡಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಕು, ಪುಕ್ಕಟೆ ಸಿಗುತ್ತದೆ. ಲಿನಕ್ಸ್‌ನಲ್ಲಿ ಸ್ಮಾರ್ಟ್‌ಮಾನ್‌ಟೂಲ್ಸ್, ಕಮಾಂಡ್ ಬೇಡ ಅನ್ನುವವರಿಗೆ ಜಿಸ್ಮಾರ್ಟ್‌ಕಂಟ್ರೋಲ್. ಈ ಪಟ್ಟಿ ಓದುವುದರಿಂದ ಡಿಸ್ಕ್‌ಗೆ ಏನೂ ಹೊರೆಯಾಗಲ್ಲ, ಧೈರ್ಯವಾಗಿ ನೋಡಿ.

ಪಟ್ಟಿಯಲ್ಲಿ ಇಪ್ಪತ್ತು ಮೂವತ್ತು ಸಾಲು ಇರುತ್ತವೆ, ನಮಗೆ ಬೇಕಿರುವುದು ನಾಲ್ಕೇ. 05 ಅಂದರೆ ಈಗಾಗಲೇ ಬದಲಿಸಿದ ಸೆಕ್ಟರ್‌ಗಳು. ಸಿ5, ಕೆಲವು ಕಡೆ ಇದನ್ನೇ 197 ಅಂತ ಬರೆದಿರುತ್ತದೆ, ತೀರ್ಮಾನವಾಗದೆ ಬಾಕಿ ಇರುವ ಸೆಕ್ಟರ್‌ಗಳು. ಸಿ6, ಅಂದರೆ 198, ಡಿಸ್ಕ್ ತಾನೇ ಹಿನ್ನೆಲೆಯಲ್ಲಿ ಪರೀಕ್ಷಿಸಿ ಓದಲು ಆಗದೆ ಬಿಟ್ಟವು. ನಾಲ್ಕನೆಯದು ಸಿ7, ಅಂದರೆ 199, ಇದಕ್ಕೂ ಬ್ಯಾಡ್ ಸೆಕ್ಟರ್‌ಗೂ ಸಂಬಂಧವೇ ಇಲ್ಲ: ಡಿಸ್ಕ್‌ಗೂ ಮದರ್‌ಬೋರ್ಡ್‌ಗೂ ನಡುವೆ ದಾರಿಯಲ್ಲಿ ಕೆಟ್ಟ ಡೇಟಾದ ಲೆಕ್ಕ ಇದು. ಸಿ7 ಏರುತ್ತಾ ಇದ್ದು ಉಳಿದ ಮೂರೂ ಸೊನ್ನೆ ಇದ್ದರೆ ಸಾಟಾ ಕೇಬಲ್ ಬದಲಿಸಿ ನೋಡಿ, ಬಹುತೇಕ ಅಲ್ಲಿಗೇ ಮುಗಿಯುತ್ತದೆ. ಕೇಬಲ್ ಬದಲಿಸಿದ ಮೇಲೂ ಆ ಅಂಕಿ ಕೆಳಗಿಳಿಯಲ್ಲ, ಗಾಬರಿಯಾಗಬೇಡಿ. ಇನ್ನು ಮೇಲಕ್ಕೆ ಹೋಗದಿದ್ದರೆ ಸಾಕು.

ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಒಂದು ಹುಷಾರು. ಅದು ರಾ ವ್ಯಾಲ್ಯೂ ಕಾಲಮ್ಮನ್ನು, ಅಂದರೆ ನಿಜವಾದ ಎಣಿಕೆ ಇರುವ ಕಾಲಮ್ಮನ್ನು, ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ. ಸಾಲು ಸೊನ್ನೆಗಳ ಕೊನೆಗೆ 10 ಅಂತ ಕಂಡರೆ ಅದು ಹತ್ತಲ್ಲ, ಹದಿನಾರು. ಫಂಕ್ಷನ್ ಮೆನುವಿನಲ್ಲಿ ಅಡ್ವಾನ್ಸ್ಡ್ ಫೀಚರ್‌ಗೆ ಹೋಗಿ ರಾ ವ್ಯಾಲ್ಯೂಸ್ ಅನ್ನು ಡೆಸಿಮಲ್‌ಗೆ ಬದಲಿಸಿಕೊಳ್ಳಿ. ಸಿ5 ಎಷ್ಟೋ ಸಲ 8, 16, 24 ಹೀಗೆ ಎಂಟೆಂಟಾಗಿ ಏರುವುದನ್ನೂ ನೋಡುತ್ತೀರಿ. ಮೇಲೆ ಹೇಳಿದ 4096 ಬೈಟ್‌ನ ಒಂದು ಸೆಕ್ಟರ್ ಕೆಟ್ಟರೆ 512ರ ಲೆಕ್ಕದಲ್ಲಿ ಎಂಟು ಆಗುತ್ತದೆ, ಅಷ್ಟೇ.

ಪ್ರೋಗ್ರಾಂ "ಗುಡ್" ಅಂತ ನೀಲಿ ಬಣ್ಣ ತೋರಿಸಿತು ಅಂತ ಪೂರ್ತಿ ನಂಬಬೇಡಿ. ಗೂಗಲ್ ತನ್ನಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಲೆಕ್ಕ ಇಟ್ಟು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಕೈಕೊಟ್ಟ ಡಿಸ್ಕ್‌ಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನವು ಸ್ಮಾರ್ಟ್‌ನಲ್ಲಿ ಎರರ್‌ನ ಸುಳಿವನ್ನೇ ಕೊಟ್ಟಿರಲಿಲ್ಲ. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ: ಡಿಸ್ಕ್ ತಾನೇ ಹಿನ್ನೆಲೆಯಲ್ಲಿ ಪರೀಕ್ಷಿಸುವಾಗ ಮೊದಲ ಸಲ ಎರರ್ (ಸ್ಕ್ಯಾನ್ ಎರರ್) ಕಂಡ ಡಿಸ್ಕ್, ಮುಂದಿನ 60 ದಿನದೊಳಗೆ ಸಾಯುವ ಸಾಧ್ಯತೆ ಎರರ್ ಇಲ್ಲದ ಡಿಸ್ಕ್‌ಗಿಂತ 39 ಪಟ್ಟು ಹೆಚ್ಚು. ಅಂಕಿ ಸೊನ್ನೆ ಇದ್ದರೆ ಖಾತರಿ ಇಲ್ಲ, ಸೊನ್ನೆ ಅಲ್ಲದಿದ್ದರೆ ಮಾತ್ರ ಎಚ್ಚರಿಕೆ ಗಂಟೆ ಗ್ಯಾರಂಟಿ.

ಇವತ್ತಿನ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಫೋಟೋ ತೆಗೆದರೂ ಆಯ್ತು, ಆದರೆ ಅದನ್ನು ಅದೇ ಡಿಸ್ಕ್‌ನಲ್ಲಿ ಸೇವ್ ಮಾಡಬೇಡಿ!

ಯುಎಸ್‌ಬಿ ಡಿಸ್ಕ್ ಆಗಿದ್ದರೆ ಕೆಲವೊಮ್ಮೆ ಸ್ಮಾರ್ಟ್ ಕಾಣಿಸುವುದೇ ಇಲ್ಲ. ಕೇಸ್ ಬಿಚ್ಚಿ ನೇರವಾಗಿ ಸಾಟಾಗೆ ಹಾಕಿದರೆ ಕಾಣಿಸುತ್ತದೆ, ಓದುವುದೂ ಹೆಚ್ಚು ಸ್ಥಿರವಾಗಿರುತ್ತದೆ. ಆದರೆ ಕೆಲವು ಡಿಸ್ಕ್‌ಗಳಲ್ಲಿ ಯುಎಸ್‌ಬಿ ಪೋರ್ಟ್ ಡಿಸ್ಕ್‌ನ ಬೋರ್ಡ್‌ಗೇ ಬೆಸೆದಿರುತ್ತದೆ, ಇನ್ನು ಕೆಲವಲ್ಲಿ ಆ ಯುಎಸ್‌ಬಿ ಚಿಪ್ಪೇ ಡೇಟಾವನ್ನು ಎನ್‌ಕ್ರಿಪ್ಟ್ ಮಾಡುತ್ತಿರುತ್ತದೆ. ಹೊರಗೆ ತೆಗೆದಾಗ ಡಿಸ್ಕ್ ಖಾಲಿ ಇದ್ದಂತೆ ಕಂಡರೆ ಇನಿಶಿಯಲೈಸ್ ಒತ್ತಬೇಡಿ, ಮತ್ತೆ ಅದೇ ಕೇಸ್‌ಗೆ ಹಾಕಿ.

ಹೆಜ್ಜೆ 3: ಡಿಸ್ಕ್ ಮೇಲೆ ಏನನ್ನೂ ಬರೆಯದ ಹಾಗೆ ನೋಡಿಕೊಳ್ಳಿ

ವಿಂಡೋಸ್ ಇರುವ ಡಿಸ್ಕೇ ಕೆಟ್ಟಿದ್ದರೆ ಅದರಿಂದ ಬೂಟ್ ಮಾಡುವುದನ್ನು ನಿಲ್ಲಿಸಿ. ವಿಂಡೋಸ್ ಸುಮ್ನೆ ಕೂತಿದೆ ಅಂತ ನಮಗೆ ಕಂಡರೂ ಹಿಂದುಗಡೆ ಅಪ್‌ಡೇಟ್, ಇಂಡೆಕ್ಸಿಂಗ್, ಪೇಜ್ ಫೈಲ್ ಅಂತ ಏನಾದರೂ ಬರೆಯುತ್ತಲೇ ಇರುತ್ತದೆ. ಡಿಸ್ಕನ್ನು ಇನ್ನೊಂದು ಕಂಪ್ಯೂಟರ್‌ಗೆ ಎರಡನೇ ಡಿಸ್ಕ್ ಆಗಿ ಹಾಕಿ, ಇಲ್ಲವೇ ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ.

ಈ ಹಂತದಲ್ಲಿ ಮುಟ್ಟಲೇಬಾರದ್ದು ವಿಂಡೋಸ್ ಜೊತೆಗೇ ಬರುವ ಚೆಕ್‌ಡಿಸ್ಕ್. ಎಲ್ಲರೂ ಮೊದಲು ಓಡಿಸುವುದೂ ಅದನ್ನೇ. ಚೆಕ್‌ಡಿಸ್ಕ್‌ನ ಕೆಲಸ ಫೈಲ್ ಸಿಸ್ಟಮ್ಮನ್ನು, ಅಂದರೆ ಯಾವ ಫೈಲ್ ಎಲ್ಲಿದೆ ಅನ್ನುವ ಲೆಕ್ಕವನ್ನು, ಒಪ್ಪ ಮಾಡುವುದು, ನಿಮ್ಮ ಫೈಲ್ ಉಳಿಸುವುದಲ್ಲ. ಫೋಲ್ಡರ್‌ನ ವಿವರ ಇದ್ದ ಸೆಕ್ಟರ್ ಓದಲು ಆಗಲಿಲ್ಲ ಅಂದರೆ ಅದು ಆ ನಮೂದನ್ನೇ ಅಳಿಸಿ, ತಬ್ಬಲಿಯಾದ ತುಣುಕುಗಳನ್ನು ಹೆಸರಿಲ್ಲದ ಫೈಲ್‌ಗಳಾಗಿ ಒಂದು ಕಡೆ ಗುಡ್ಡೆ ಹಾಕಬಹುದು. ಆರ್ ಸ್ವಿಚ್ ಕೊಟ್ಟು ಓಡಿಸಿದರಂತೂ ಇಡೀ ಡಿಸ್ಕನ್ನು ಮೂಲೆ ಮೂಲೆ ಓದುತ್ತದೆ, ಸೊರಗಿದ ಡಿಸ್ಕ್‌ಗೆ ಅದೇ ಕೊನೆಯ ಓಟ ಆಗಬಹುದು. ವಿಂಡೋಸ್ "ಸ್ಕ್ಯಾನ್ ಮಾಡಿ ಸರಿಪಡಿಸಲೇ" ಅಂತ ಕೇಳಿದರೂ, "ಫಾರ್ಮ್ಯಾಟ್ ಮಾಡಬೇಕು" ಅಂತ ಕೇಳಿದರೂ ಉತ್ತರ ಒಂದೇ, ಬೇಡ. ಡಿಫ್ರಾಗ್ ಬಗ್ಗೆ ಹೇಳುವುದೇ ಬೇಡ ಅಲ್ವಾ.

ಹೆಜ್ಜೆ 4: ಡೇಟಾ ಹೊರಗೆ ತನ್ನಿ

ಬ್ಯಾಕಪ್ ಇದ್ದು, ಅದು ತೆರೆಯುತ್ತದೆ ಅಂತ ಪರೀಕ್ಷಿಸಿಯೂ ನೋಡಿದ್ದರೆ ಈ ಹೆಜ್ಜೆ ಬಿಟ್ಟು ಮುಂದೆ ಹೋಗಿ, ಪುಣ್ಯವಂತರು ನೀವು.

ಫೋಲ್ಡರ್‌ಗಳು ಇನ್ನೂ ತೆರೆಯುತ್ತಿದ್ದರೆ, ಮತ್ತೆ ಸಿಗದ ಫೈಲ್‌ಗಳು ಸ್ವಲ್ಪವೇ ಇದ್ದರೆ, ಮೊದಲು ಅವನ್ನಷ್ಟೇ ಕಾಪಿ ಮಾಡಿ. ಮನೆಯವರ ಫೋಟೋ, ನೀವು ಬರೆದದ್ದು, ಲೆಕ್ಕಪತ್ರ. ಸಿನಿಮಾಗಳು ಇನ್ನೊಂದು ಕಡೆ ಸಿಗುತ್ತವೆ, ಅವಕ್ಕೋಸ್ಕರ ಡಿಸ್ಕ್‌ನ ಉಳಿದ ಆಯಸ್ಸು ಖರ್ಚು ಮಾಡಬೇಡಿ. ಯಾವುದಾದರೂ ಫೈಲ್ ಅಂಟಿಕೊಂಡರೆ ಬಿಟ್ಟು ಮುಂದಿನದಕ್ಕೆ ಹೋಗಿ. ವಿಂಡೋಸ್‌ನ ಕಾಪಿ ಕಮಾಂಡ್ ರೋಬೋಕಾಪಿ ಬಳಸುವವರು ರಿಟ್ರೈ ಸಂಖ್ಯೆಯನ್ನು ಕೈಯಾರೆ ಸೊನ್ನೆಗೆ ಇಳಿಸಬೇಕು. ಅದರ ಡೀಫಾಲ್ಟ್ ಹತ್ತು ಲಕ್ಷ ಸಲ, ಪ್ರತಿ ಸಲದ ನಡುವೆ 30 ಸೆಕೆಂಡ್ ಕಾಯುವಿಕೆ. ಲೆಕ್ಕ ಹಾಕಿ ನೋಡಿ, ಒಂದೇ ಕೆಟ್ಟ ಫೈಲ್ ಮುಂದೆ ಅದು ಹನ್ನೊಂದು ತಿಂಗಳು ಕೂತಿರುತ್ತದೆ.

ಆಮೇಲೆ ಇಡೀ ಡಿಸ್ಕ್‌ನ ಪ್ರತಿ. ಇದಕ್ಕೆ ನಾನು ಹೇಳುವುದು ಒಂದೇ ಹೆಸರು, ಗ್ನೂ ಡಿಡಿರೆಸ್ಕ್ಯೂ. ಸಿಸ್ಟಮ್‌ರೆಸ್ಕ್ಯೂ ಎಂಬ ಬೂಟ್ ಆಗುವ ಲಿನಕ್ಸ್‌ನಲ್ಲಿ ಇದು ಮೊದಲೇ ಇರುತ್ತದೆ. ಉಬುಂಟುವಿನಲ್ಲಿ ಹಾಕಿಕೊಳ್ಳುವುದಾದರೆ ಪ್ಯಾಕೇಜ್ ಹೆಸರಿನ ಮುಂದೆ ಇನ್ನೊಂದು ಜಿ ಸೇರಿ ಜಿಡಿಡಿರೆಸ್ಕ್ಯೂ ಅಂತಿದೆ. ಸಾದಾ ಕಾಪಿ ಪ್ರೋಗ್ರಾಂ ಕೆಟ್ಟ ಜಾಗ ಬಂದಾಗ ಅಲ್ಲೇ ಗುದ್ದಾಡುತ್ತದೆ. ಡಿಡಿರೆಸ್ಕ್ಯೂ ಅದನ್ನು ಗುರುತು ಹಾಕಿಕೊಂಡು ಹಾರಿ ಮುಂದೆ ಹೋಗುತ್ತದೆ, ಸುಲಭಕ್ಕೆ ಸಿಗುವುದನ್ನೆಲ್ಲ ಮೊದಲು ಬಾಚಿಕೊಂಡು ಕಷ್ಟದ ಜಾಗಗಳಿಗೆ ಕೊನೆಗೆ ಬರುತ್ತದೆ.

ಬೇಕಿರುವುದು ಕೆಟ್ಟ ಡಿಸ್ಕ್‌ನಷ್ಟೇ ಅಥವಾ ಅದಕ್ಕಿಂತ ದೊಡ್ಡ ಇನ್ನೊಂದು ಡಿಸ್ಕ್, ಜೊತೆಗೆ ಮ್ಯಾಪ್ ಫೈಲ್ ಇಡಲು ಒಂದು ಪೆನ್‌ಡ್ರೈವ್. ಎಲ್ಲಿ ಓದಿದ್ದಾಯ್ತು, ಎಲ್ಲಿ ಆಗಲಿಲ್ಲ ಅನ್ನುವ ಪೂರ್ತಿ ಲೆಕ್ಕ ಮ್ಯಾಪ್ ಫೈಲ್‌ನಲ್ಲಿರುತ್ತದೆ. ಕರೆಂಟ್ ಹೋದರೂ, ಡಿಸ್ಕ್ ನಡುವೆ ಕಣ್ಮರೆಯಾದರೂ, ಅದೇ ಕಮಾಂಡ್ ಮತ್ತೆ ಕೊಟ್ಟರೆ ನಿಂತಲ್ಲಿಂದ ಶುರುವಾಗುತ್ತದೆ. ಅದಿಲ್ಲದೆ ಓಡಿಸುವುದು ದಡ್ಡತನ.

ಕಮಾಂಡ್‌ನಲ್ಲಿ ಮೂರು ಹೆಸರು ಬರುತ್ತವೆ, ಕ್ರಮ ಇದು: ಕೆಟ್ಟ ಡಿಸ್ಕ್, ಆಮೇಲೆ ಪ್ರತಿ ಹೋಗಬೇಕಾದ ಜಾಗ, ಕೊನೆಗೆ ಮ್ಯಾಪ್ ಫೈಲ್. ಮೊದಲೆರಡು ಅದಲುಬದಲಾದರೆ ಖಾಲಿ ಡಿಸ್ಕ್ ಬಂದು ನಿಮ್ಮ ಡೇಟಾ ಮೇಲೆ ಕೂರುತ್ತದೆ. ಡಿಸ್ಕ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಕೊಟ್ಟು ಗಾತ್ರವನ್ನೂ ಸೀರಿಯಲ್ ನಂಬರನ್ನೂ ಡಿಸ್ಕ್ ಮೇಲಿನ ಲೇಬಲ್ ಜೊತೆ ತಾಳೆ ನೋಡಿ, ಎರಡು ಸಲ ನೋಡಿ, ಆಮೇಲೆ ಎಂಟರ್ ಒತ್ತಿ. ಮೊದಲ ಸುತ್ತಿಗೆ ಎನ್ ಆಯ್ಕೆ ಕೊಡಿ, ಅಂದರೆ ಕೆಟ್ಟ ಜಾಗಗಳನ್ನು ಈಗಲೇ ಕೆರೆಯಬೇಡ ಅಂತ. ಎರಡನೇ ಸುತ್ತಿನಲ್ಲಿ ಎನ್ ತೆಗೆದು ಡಿ ಮತ್ತು ಆರ್3 ಕೊಡಿ, ಆಗ ನೇರವಾಗಿ ಡಿಸ್ಕ್‌ನಿಂದ ಓದುತ್ತಾ ಉಳಿದ ಜಾಗಗಳನ್ನು ಇನ್ನೂ ಮೂರು ಸಲ ಪ್ರಯತ್ನಿಸುತ್ತದೆ. ಪ್ರತಿಯನ್ನು ಫೈಲ್‌ಗಲ್ಲದೆ ನೇರ ಇನ್ನೊಂದು ಡಿಸ್ಕ್‌ಗೇ ಬರೆಯುವುದಾದರೆ ಎಫ್ ಆಯ್ಕೆಯೂ ಬೇಕು.

ಓಡುವಾಗ ಪರದೆಯ ಮೇಲೆ ಒಂದು ಸಣ್ಣ ಕೋಷ್ಟಕ ಬದಲಾಗುತ್ತಾ ಇರುತ್ತದೆ. ಶುರುವಿನಲ್ಲಿ ಕರೆಂಟ್ ರೇಟ್, ಅಂದರೆ ಆ ಹೊತ್ತಿನ ಓದುವ ವೇಗ, ಸೆಕೆಂಡ್‌ಗೆ ನೂರು ಎಂಬಿ ಹತ್ತಿರ ಇರಬಹುದು, ರೆಸ್ಕ್ಯೂಡ್ ಅನ್ನುವ ಶೇಕಡಾ ಚಕಚಕ ಏರುತ್ತದೆ. ಎಲ್ಲೋ ಒಂದು ಕಡೆ ರೇಟ್ ದಪ್ಪನೆ ಸೊನ್ನೆಗೆ ಬಿದ್ದು, ರೀಡ್ ಎರರ್ಸ್ ಒಂದು ಏರಿ, ಮತ್ತೆ ವೇಗ ಹಿಡಿಯುತ್ತದೆ. ಹೀಗೆ ಆಗಾಗ ಬೀಳುವುದು ಸಹಜ. ಒಂದೇ ಸಮನೆ ಕೆಬಿಗಳಲ್ಲೇ ತೆವಳುತ್ತಿದ್ದರೆ ಹೆಡ್ ಸೊರಗಿದೆ ಅಂತ ಅನುಮಾನಿಸಬೇಕು. ಆಗ ಡೇಟಾ ಮುಖ್ಯವಾದದ್ದಾದರೆ ನಿಲ್ಲಿಸಿ ಲ್ಯಾಬ್‌ಗೆ ಕೊಡುವುದೇ ಜಾಣತನ. ಡಿಸ್ಕ್ ತುಂಬಾ ಬಿಸಿಯಾಗದಂತೆ ಪಕ್ಕದಲ್ಲಿ ಒಂದು ಫ್ಯಾನ್ ಇಡಿ. ಕೂತು ನೋಡುತ್ತಾ ಇರಬೇಕಾಗಿಲ್ಲ, ಇದು ಗಂಟೆಗಳ ಕೆಲಸ, ಕೆಲವೊಮ್ಮೆ ದಿನಗಳದ್ದು.

ಪ್ರತಿ ಸಿಕ್ಕ ಮೇಲೆ ಏನೇ ಸರ್ಕಸ್ ಮಾಡುವುದಿದ್ದರೂ ಆ ಪ್ರತಿಯ ಮೇಲೆ ಮಾಡಿ. ಆದರೆ ಮೊದಲು ಅದರ ಇನ್ನೊಂದು ಪ್ರತಿ ತೆಗೆದಿಟ್ಟುಕೊಳ್ಳಿ, ಚೆಕ್‌ಡಿಸ್ಕ್ ಓಡಿಸುವುದಿದ್ದರೆ ಇಲ್ಲಿ ಓಡಿಸಿ. ಪಾರ್ಟಿಷನ್ನೇ ಕಾಣದಿದ್ದರೆ ಟೆಸ್ಟ್‌ಡಿಸ್ಕ್, ಫೈಲ್ ಹೆಸರು ಹೋದರೂ ಪರವಾಗಿಲ್ಲ ಫೋಟೋ ಸಿಕ್ಕರೆ ಸಾಕು ಅಂದರೆ ಫೋಟೋರೆಕ್. ಎರಡೂ ಪುಕ್ಕಟೆ.

ಯಾವ ಫೈಲ್‌ಗಳು ಹಾಳಾಗಿವೆ ಅಂತ ತಿಳಿಯಬೇಕಾ? ಡಿಡಿರೆಸ್ಕ್ಯೂನಲ್ಲಿ ಫಿಲ್ ಮೋಡ್ ಅಂತ ಇದೆ. ಮ್ಯಾಪ್ ಫೈಲ್ ನೋಡಿಕೊಂಡು, ಪ್ರತಿಯಲ್ಲಿ ಓದಲಾಗದ ಜಾಗಗಳಿಗೆ ಮಾತ್ರ ನೀವು ಕೊಟ್ಟ ಯಾವುದೋ ವಿಚಿತ್ರ ಪದವನ್ನು ತುಂಬುತ್ತದೆ. ಆಮೇಲೆ ಪ್ರತಿಯನ್ನು ಮೌಂಟ್ ಮಾಡಿ, ಅಂದರೆ ಡಿಸ್ಕ್‌ನ ಹಾಗೇ ತೆರೆದು, ಆ ಪದ ಯಾವ ಫೈಲ್‌ಗಳ ಒಳಗಿದೆ ಅಂತ ಹುಡುಕಿದರೆ ಪಟ್ಟಿ ಸಿಗುತ್ತದೆ. ಎಷ್ಟೋ ಸಲ ಆ ಪಟ್ಟಿಯಲ್ಲಿ ಬರೀ ಪೇಜ್ ಫೈಲ್, ಯಾವುದೋ ಹಳೆ ಇನ್‌ಸ್ಟಾಲರ್ ಇರುತ್ತವೆ, ಅಥವಾ ಪಟ್ಟಿ ಪೂರ್ತಿ ಖಾಲಿ.

ಹೆಜ್ಜೆ 5: ಈಗ ಡಿಸ್ಕ್‌ಗೆ ಪರೀಕ್ಷೆ

ಡೇಟಾ ಹೊರಗಿದೆ, ಪ್ರತಿ ತೆರೆಯುತ್ತದೆ ಅಂತ ಖಚಿತವಾದ ಮೇಲೆ ಮಾತ್ರ ಇದಕ್ಕೆ ಬನ್ನಿ. ಡಿಸ್ಕ್ ವಾರಂಟಿಯಲ್ಲಿದ್ದರೆ ಇದನ್ನೂ ಮಾಡಬೇಕಾಗಿಲ್ಲ, ತಯಾರಕರ ಪರೀಕ್ಷಾ ಸಾಫ್ಟ್‌ವೇರ್ ಓಡಿಸಿ, ಫೇಲ್ ಅಂತ ಬಂದರೆ ಬದಲಿಗೆ ಕಳಿಸಿ.

ಉಳಿದವರು ಇಡೀ ಡಿಸ್ಕ್ ಮೇಲೆ ಒಮ್ಮೆ ಸೊನ್ನೆ ಬರೆಯಬೇಕು. ವಿಂಡೋಸ್ ವಿಸ್ಟಾದಿಂದೀಚೆಗೆ ಫುಲ್ ಫಾರ್ಮ್ಯಾಟ್ ಮಾಡಿದರೆ ಆ ಪಾರ್ಟಿಷನ್ ಪೂರ್ತಿ ಸೊನ್ನೆ ಬರೆಯುತ್ತದೆ, ಕ್ವಿಕ್ ಫಾರ್ಮ್ಯಾಟ್ ಟಿಕ್ ತೆಗೆಯಲು ಮರೆಯಬೇಡಿ. ಪಾರ್ಟಿಷನ್ ಲೆಕ್ಕಿಸದೆ ಇಡೀ ಡಿಸ್ಕ್‌ಗೆ ಬೇಕಾದರೆ ವಿಂಡೋಸ್‌ನ ಡಿಸ್ಕ್‌ಪಾರ್ಟ್ ಕಮಾಂಡ್‌ನಲ್ಲಿ ಕ್ಲೀನ್ ಆಲ್. ಲಿನಕ್ಸ್‌ನಲ್ಲಿ ಬ್ಯಾಡ್‌ಬ್ಲಾಕ್ಸ್‌ನ ಡಬ್ಲ್ಯೂ ಆಯ್ಕೆ, ಇದು ಬರೆದು ಓದಿ ಎರಡೂ ನೋಡುತ್ತದೆ, ಹಾಗಾಗಿ ನಿಧಾನ. "ಲೋ ಲೆವೆಲ್ ಫಾರ್ಮ್ಯಾಟ್" ಅಂತ ಹೆಸರಿಟ್ಟುಕೊಂಡ ಸಾಫ್ಟ್‌ವೇರ್‌ಗಳೂ ಇವತ್ತಿನ ಡಿಸ್ಕ್‌ಗಳಲ್ಲಿ ಮಾಡುವುದು ಸೊನ್ನೆ ಬರೆಯುವುದನ್ನೇ. ಕೆಟ್ಟ ಸೆಕ್ಟರ್‌ಗೆ ಮತ್ತೆ ಜೀವ ಕೊಡುತ್ತೇವೆ ಅಂತ ದುಡ್ಡು ಕೇಳುವವಕ್ಕೆ ಕೊಡಬೇಡಿ.

ಮುಗಿದ ಮೇಲೆ ಹಳೆಯ ಚೀಟಿ ತೆಗೆದು ಅಂಕಿಗಳನ್ನು ತಾಳೆ ನೋಡಿ. ಸಿ5 ಸೊನ್ನೆಗೆ ಇಳಿದು 05 ಇದ್ದಲ್ಲೇ ಇದ್ದರೆ ಅವು ಮೆದು ಬಗೆಯವು, ಕರೆಂಟ್ ಹೋಗಿದ್ದೋ ಸಡಿಲ ಕೇಬಲ್ಲೋ ಕಾರಣ ಇರಬಹುದು. ಸಿ5 ಇಳಿದು 05 ಏರಿದ್ದರೆ ಜಾಗ ನಿಜವಾಗಿಯೂ ಕೆಟ್ಟಿತ್ತು, ಡಿಸ್ಕ್ ಬದಲಿ ಹಾಕಿಕೊಂಡಿದೆ. ಬರೆದಮೇಲೂ ಸಿ5 ಇಳಿಯದಿದ್ದರೆ ಅಥವಾ ಇನ್ನೂ ಏರಿದ್ದರೆ ಆ ಡಿಸ್ಕ್ ಕೈಬಿಡಿ. ಸೊನ್ನೆಗೆ ಇಳಿದರೂ ಸ್ಮಾರ್ಟ್‌ನ ಲಾಂಗ್ ಟೆಸ್ಟ್ ಒಂದು ಓಡಿಸಿ, ಎರಡು ಮೂರು ವಾರ ಬಿಟ್ಟು ಮತ್ತೆ ನೋಡಿ. ನನ್ನ ಲೆಕ್ಕದಲ್ಲಿ ಅಂಕಿ ಎಷ್ಟಿದೆ ಅನ್ನುವುದಕ್ಕಿಂತ ಅದು ನಡೆಯುತ್ತಿದೆಯಾ ಅನ್ನುವುದೇ ಮುಖ್ಯ. 05ರಲ್ಲಿ 16 ಇದ್ದು ವರ್ಷಗಟ್ಟಲೆ ಅಲ್ಲೇ ನಿಂತ ಡಿಸ್ಕ್ ಇನ್ನೂ ದುಡಿಯಬಹುದು. ವಾರಕ್ಕೆ ಎಂಟೆಂಟು ಏರುವ ಡಿಸ್ಕ್ ಬೇಡ. ದುಡಿಯುವ ಡಿಸ್ಕಿಗೂ ಇನ್ನು ಮೇಲೆ ಒಂಟಿ ಪ್ರತಿಯನ್ನು ಒಪ್ಪಿಸಬೇಡಿ. ಡೌನ್‌ಲೋಡ್, ತಾತ್ಕಾಲಿಕ ಫೈಲ್ ಇಂಥವಕ್ಕೆ ಇಟ್ಟುಕೊಳ್ಳಿ.

ಇದೆಲ್ಲ ತಿರುಗುವ ಹಾರ್ಡ್ ಡಿಸ್ಕ್ ಮಾತು. ಎಸ್‌ಎಸ್‌ಡಿಯಲ್ಲಿ ಬ್ಲಾಕ್‌ಗಳು ಕೆಡುವ ರೀತಿಯೇ ಬೇರೆ, ಬರೆದಷ್ಟೂ ಅದು ಸವೆಯುತ್ತದೆ, ಹಾಗಾಗಿ ಸೊನ್ನೆ ಬರೆಯುವ ಪರೀಕ್ಷೆಯನ್ನು ಅದರ ಮೇಲೆ ಮಾಡಬೇಡಿ. ಓದುವ ಎರರ್ ಬರುತ್ತಿದ್ದರೆ ಡೇಟಾ ತೆಗೆದು ಎಸ್‌ಎಸ್‌ಡಿ ಬದಲಿಸಿ.

ಡಿಸ್ಕ್ ವಾಪಸ್ ಕಳಿಸುವಾಗ ಅಥವಾ ಎಸೆಯುವಾಗ ಒಂದು ವಿಷಯ. ಬದಲಿಯಾಗಿ ಹೋದ ಹಳೆಯ ಸೆಕ್ಟರ್‌ಗಳಲ್ಲಿ ನಿಮ್ಮ ಡೇಟಾದ ಚೂರುಗಳು ಹಾಗೇ ಇರುತ್ತವೆ, ಸೊನ್ನೆ ಬರೆದರೂ ಅಲ್ಲಿಗೆ ತಲುಪುವುದಿಲ್ಲ. ಡಿಸ್ಕ್ ಒಳಗೇ ಇರುವ ಎನ್‌ಹ್ಯಾನ್ಸ್ಡ್ ಸೆಕ್ಯೂರ್ ಇರೇಸ್ ಸೌಲಭ್ಯ ಅವನ್ನೂ ಅಳಿಸುತ್ತದೆ, ಲಿನಕ್ಸ್‌ನ ಎಚ್‌ಡಿಪಾರ್ಮ್‌ನಿಂದ ಅದನ್ನು ಕೊಡಬಹುದು. ಡಿಸ್ಕ್ ಮೊದಲಿನಿಂದಲೂ ಎನ್‌ಕ್ರಿಪ್ಟ್ ಆಗಿದ್ದರೆ ಈ ತಲೆನೋವಿಲ್ಲ. ಕೆಟ್ಟ ಡಿಸ್ಕ್ ಆ ಕಮಾಂಡನ್ನೂ ಒಪ್ಪದಿದ್ದರೆ, ಎಸೆಯುವ ಮುಂಚೆ ತಟ್ಟೆಗಳಿಗೆ ಡ್ರಿಲ್ ಹಾಕಿ ತೂತು ಕೊರೆಯಿರಿ. ಕನ್ನಡಕ ಹಾಕಿಕೊಳ್ಳಿ, ಲ್ಯಾಪ್‌ಟಾಪ್ ಡಿಸ್ಕ್‌ಗಳಲ್ಲಿ ತಟ್ಟೆ ಗಾಜಿನದ್ದಿರುತ್ತದೆ, ಚೂರು ಸಿಡಿಯುತ್ತದೆ.